ಇಸ್ತ್ರಿಗೆ ಬಿದ್ದ ಮೊದಲ ಅಚ್ಚು

ಮೈಸೂರು ನಗರದಲ್ಲಿ ಇನ್ನಾರ ಮನೆಯಲ್ಲೂ ಇಲ್ಲದ ವಸ್ತುವೊಂದು ತಮ್ಮ ಮನೆಗೆ ಬಂದೇ ತೀರುತ್ತದೆ ಎಂದು ಚಾಮರಾಜಪುರಂನ ಅಮರೇಶ್ ಅವರು ಒಂದು ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯನ್ನು ಸಾಕ್ಷಿಯಾಗಿಟ್ಟುಕೊಂಡು ಘೋಷಿಸಿದರು. ಆ ವಸ್ತು ವಜ್ರವಲ್ಲ, ವೈಡೂರ್ಯವಲ್ಲ; ಕೋಲ್ಡ್ ಫರ್ನೆಸ್ ಎಂಬ ಇಂಗ್ಲಿಷ್ ಹೆವಿ ಮೆಟಲ್ ತಂಡದ ಚೊಚ್ಚಲ ಎಲ್‌ಪಿ ರೆಕಾರ್ಡು. ಅದರಲ್ಲೂ ಆ ರೆಕಾರ್ಡಿನ ಮೊದಲ ಅಚ್ಚು, ಎಂದರೆ ಕಾರ್ಖಾನೆಯಿಂದ ಮೊದಲ ಕಂತಿನಲ್ಲಿ ಹೊರಬಿದ್ದ ಪ್ರತಿ. ತಂಡದ ಹೆಸರಿಗೆ ತಣ್ಣನೆಯ ಕುಲುಮೆ ಎಂದರ್ಥ. ಸದ್ದು ಮಾತ್ರ, ಅವರ ಪತ್ನಿ ಸುಷ್ಮಾ ಅವರ ಮಾತಿನಲ್ಲಿ, ಕಲಾಯಿ ಹಾಕುವವರ ಮನೆಯಲ್ಲಿ ಆಸ್ತಿ ಪಾಲಾದ ಹಾಗೆ.

ಅದೇ ಹಾಡುಗಳ ಮರುಅಚ್ಚುಗಳು ಅಮರೇಶ್ ಅವರ ಬಳಿ ಇಲ್ಲದಿರಲಿಲ್ಲ. ಜರ್ಮನಿಯದಿತ್ತು, ಜಪಾನಿನದಿತ್ತು, ಯಾವ ದೇಶದ್ದೆಂದು ಆ ದೇಶಕ್ಕೇ ಗೊತ್ತಿಲ್ಲದ್ದೂ ಒಂದಿತ್ತು. ಆದರೆ ಕಾಲೇಜಿನಲ್ಲಿ ಇತಿಹಾಸ ಬೋಧಿಸುವ ಅವರಿಗೆ ಮೂಲ ಆಕರವಿಲ್ಲದ ಬದುಕು ಬದುಕಲ್ಲ. ಶಾಸನವನ್ನು ಬಿಟ್ಟು ಶಾಸನದ ಫೋಟೊಗೆ ಕೈಮುಗಿಯುವವನನ್ನು ವಿದ್ವಾಂಸನೆನ್ನಲಾದೀತೆ?

“ಇರೋ ಹಾಡನ್ನೇ ಮತ್ತೆ ತರ್ತೀರಲ್ಲ, ಹೊಸದ್ರಲ್ಲಿ ರಾಗ ಏನಾದ್ರೂ ಬದಲಾಗಿರುತ್ತಾ?” ಎಂದು ಸುಷ್ಮಾ ಕೇಳಿದರು.

“ಒಂದಿಷ್ಟೂ ಬದಲಾಗಿರಲ್ಲ. ಅದೇ ಅದರ ಹೆಚ್ಚುಗಾರಿಕೆ.”

“ಹಂಗಾದ್ರೆ ನಾನೂ ಒಂದೇ ಸೀರೆನ ಜರ್ಮನಿದೊಂದು, ಜಪಾನಿಂದೊಂದು ತಗೋತೀನಿ. ಸುಮ್ನಿರ್ತೀರಾ?”

ಈ ಜಗಳಕ್ಕೆ ಒಂದು ಕೋಣೆ ಕಾರಣವಾಗಿತ್ತು. ಮನೆಯ ಮುಂಗೋಣೆಯನ್ನು ರೆಕಾರ್ಡುಗಳು ಆಕ್ರಮಿಸಿದ್ದರಿಂದ ಸುಷ್ಮಾ ಅವರ ಗಣಿತದ ಪಾಠಕ್ಕೆ ಬರುವ ಮಕ್ಕಳು ನಡುಮನೆಯ ಬಾಗಿಲಲ್ಲಿ, ಚಪ್ಪಲಿಗಳ ಪಕ್ಕದಲ್ಲಿ ಕುಳಿತು ತ್ರಿಕೋನಮಿತಿ ಕಲಿಯುತ್ತಿದ್ದರು. ಕೊನೆಗೆ ಸುಷ್ಮಾ ಸಂಧಿಯ ಷರತ್ತು ಮುಂದಿಟ್ಟರು.

“ಯುಗಾದಿ ಒಳಗೆ ಆ ಅಸಲಿ ನಿಮ್ಮದಾಗ್ಬೇಕು. ಬಲ್ಲೋರು ಬಂದು ನೋಡಿ ಹೌದು ಅನ್ಬೇಕು. ಅಂದ್ರೆ ಕೋಣೆ ನಿಮ್ದು. ಇಲ್ಲದಿದ್ರೆ ನಿಮ್ಮ ಕುಲುಮೆ ಅಟ್ಟಕ್ಕೆ, ನನ್ನ ಮಕ್ಕಳು ಕೋಣೆಗೆ.”

ಬಲ್ಲವರೆಂದರೆ ಮೈಸೂರಿಗೆಲ್ಲ ಒಬ್ಬರೇ: ನಜರ್‌ಬಾದಿನ ರವಿಚಂದ್ರ. ರೆಕಾರ್ಡು ಸಂಗ್ರಹಿಸುವವರ ಬಳಗದಲ್ಲಿ ಅವರ ಮಾತೇ ಶಾಸನ. ಈ ಎಲ್‌ಪಿಯ ಮೊದಲ ಅಚ್ಚಿಗೆ ಎರಡು ಲಕ್ಷಣಗಳೆಂದು ಅವರು ಎಂದೋ ಸಾರಿದ್ದರು. ನಡುವಿನ ಚೀಟಿಯಲ್ಲಿ ಕೆಂಪು ಕುಲುಮೆಯ ಚಿತ್ರವಿರಬೇಕು. ಚೀಟಿಯ ಸುತ್ತಲಿನ ಖಾಲಿ ಪಟ್ಟಿಯಲ್ಲಿ ಕಾರ್ಖಾನೆಯ ಯಾರೋ ಮೊಳೆಯಿಂದ ಗೀಚಿದ ಪುಟ್ಟ ಸುತ್ತಿಗೆಯಿರಬೇಕು.

ಅಮರೇಶ್ ಗುಜರಿ ಅಂಗಡಿಗಳನ್ನು ಜಾಲಾಡಿದರು. ಹಳೆಯ ಬಂಗಲೆಗಳ ಗೇಟು ತಟ್ಟಿ ನಾಯಿಗಳ ಪರಿಚಯ ಮಾಡಿಕೊಂಡರು. ಯುಗಾದಿ ಹತ್ತಿರವಾಯಿತು. ಕುಲುಮೆ ಸಿಗಲಿಲ್ಲ.

ಹಾಗೆ ಸೋತು ಸುಣ್ಣವಾದ ಒಂದು ಸಂಜೆ ಅವರು ಅಗ್ರಹಾರದಲ್ಲಿರುವ ಅತ್ತೆ ಸಿದ್ದಲಿಂಗಮ್ಮನವರ ಮನೆಗೆ ಹೋದರು. ಊಟವಾಯಿತು. ಅತ್ತೆ ಎಲೆ ಅಡಿಕೆಯನ್ನು ಎಂದಿನ ಹಿತ್ತಾಳೆ ತಟ್ಟೆಯ ಬದಲು ಬೀರುವಿನಿಂದ ತೆಗೆದ ಒಂದು ಕಪ್ಪು ಬಟ್ಟಲಿನಲ್ಲಿಟ್ಟು ತಂದರು. ಬಟ್ಟಲಿನ ಅಂಚು ತಾವರೆಯ ದಳಗಳಂತೆ ಅಲೆಅಲೆಯಾಗಿ ಬಾಗಿತ್ತು. ಅಮರೇಶ್ ಕೊನೆಯ ವೀಳ್ಯದೆಲೆಯನ್ನು ಎತ್ತಿದರು. ಅದರಡಿಯಲ್ಲಿ, ಸುಣ್ಣದ ಕಲೆಯ ನಡುವೆ, ಕೆಂಪು ಕುಲುಮೆಯೊಂದು ಉರಿಯುತ್ತಿತ್ತು. ಪಕ್ಕದಲ್ಲೇ ಪುಟ್ಟ ಸುತ್ತಿಗೆ.

“ಅತ್ತೆ, ಇದು ಎಲ್ಲಿಂದ ಬಂತು?” ಎಂದರು, ಎಲೆ ಮಡಿಸುವುದನ್ನು ಮರೆತು.

“ಅದಾ? ಮೇಲಿನ ಮನೇಲಿ ಬಾಡಿಗೆಗಿದ್ದ ಹುಡುಗ ಬುಟ್ಟೋದ ಹಾಡಿನ ತಟ್ಟೆ ಕಣ್ರೀ. ಆವಾಗ ಮಹಿಳಾ ಸಮಾಜದಲ್ಲಿ ಹೇಳ್ಕೊಟ್ಟಿದ್ರು, ಬಿಸಿನೀರಲ್ಲಿ ಅದ್ದಿ ಅಂಚು ಮಡಿಸಿದ್ರೆ ಬಟ್ಟಲಾಯ್ತದೆ ಅಂತ. ದಸರಾ ವಸ್ತುಪ್ರದರ್ಶನದಲ್ಲಿ ಎರಡನೇ ಬಹುಮಾನ ಬಂತು ಇದಕ್ಕೆ. ಮೊದಲನೇದು ಬೆಂಕಿಕಡ್ಡಿ ಅರಮನೆಗೆ ಹೋಯ್ತು, ಇರಲಿ. ನಿಮ್ಮ ಮಾವನೋರು ಊರಿಗೆಲ್ಲ ತೋರಿಸ್ಕೊಂಡು ಬಂದಿದ್ರು.”

“ಒಂದು ವಾರ ನನಗೆ ಕೊಡ್ತೀರಾ?”

ಅಳಿಯನಿಗೆ ತಮ್ಮ ಕುಶಲಕಲೆಯಲ್ಲಿ ಇಷ್ಟು ತಡವಾಗಿಯಾದರೂ ಆಸಕ್ತಿ ಹುಟ್ಟಿತಲ್ಲ ಎಂದು ಸಿದ್ದಲಿಂಗಮ್ಮನವರ ಮುಖ ಅರಳಿತು. “ತಗೊಂಡೋಗಿ ಅಳಿಯಂದ್ರೆ. ಭಾನುವಾರ ಸಮಾಜದ ವಾರ್ಷಿಕೋತ್ಸವ. ಅಷ್ಟೊತ್ತಿಗೆ ಬೇಕು, ಮೇಜಿನ ಮೇಲಿಡಬೇಕು” ಎಂದು ಬಟ್ಟಲನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಬಿಸಿನೀರಿನಲ್ಲಿ ಬಾಗಿದ್ದು ಬಿಸಿನೀರಿನಲ್ಲೇ ನೆಟ್ಟಗಾಗಬೇಕು, ರವಿಚಂದ್ರ ನೋಡಿ ಹೋದ ಮೇಲೆ ಮತ್ತೆ ಬಾಗಲೂಬೇಕು ಎಂಬುದು ಅಮರೇಶ್ ಅವರ ಸಿದ್ಧಾಂತ. ಸುಷ್ಮಾ ಮನೆಯಲ್ಲಿಲ್ಲದ ಹೊತ್ತು ನೋಡಿ ಅವರು ಬಟ್ಟಲನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿಟ್ಟರು. ಸಿದ್ಧಾಂತ ಫಲಿಸಿತು, ಅಗತ್ಯಕ್ಕಿಂತ ಚೆನ್ನಾಗಿಯೇ. ಮುಚ್ಚಳ ತೆಗೆದಾಗ ಇಂಗ್ಲಿಷ್ ಲೋಹಸಂಗೀತದ ಆದಿಗ್ರಂಥವು ನೀರುದೋಸೆಯಂತೆ ಜೋತುಬಿದ್ದಿತ್ತು. ಅದನ್ನು ಷೋಕೇಸಿನ ಎರಡು ಗಾಜುಗಳ ನಡುವೆ ಮಲಗಿಸಿ ಮೇಲೆ ರುಬ್ಬುಗುಂಡನ್ನು ಹೇರಿದರು. ಗಾಜು ಸೀಳಿತು. ರುಬ್ಬುಗುಂಡು ಉರುಳಿ ಅವರ ಹೆಬ್ಬೆರಳನ್ನು ಸಂದರ್ಶಿಸಿತು. ತಣ್ಣಗಾದ ರೆಕಾರ್ಡು ಬಟ್ಟಲೂ ಅಲ್ಲ, ತಟ್ಟೆಯೂ ಅಲ್ಲ ಎಂಬ ಸ್ಥಿತಿಯಲ್ಲಿ ನಿಂತಿತು.

ಕುಂಟುತ್ತಾ ಅವರು ಬೀದಿ ಕೊನೆಯ ಇಸ್ತ್ರಿ ಗಾಡಿಗೆ ಹೋದರು. ಗಾಡಿಯ ಚೆಲುವರಾಜು ರೆಕಾರ್ಡನ್ನು ತಿರುಗಿಸಿ ನೋಡಿದ.

“ಇದೇನ್ ಸಾರ್, ಕಾಟನ್ನಾ ಟೆರಿಕಾಟಾ?”

“ಪ್ಲಾಸ್ಟಿಕ್ಕು ಕಣಯ್ಯಾ. ಮೆಲ್ಲಗೆ, ನೆಟ್ಟಗೆ ಮಾಡ್ಕೊಡು.”

“ನೆಟ್ಟಗೇನೋ ಆಯ್ತದೆ. ಆಮೇಲೆ ಎಂಗಾಯ್ತು, ಯಾಕಂಗಾಯ್ತು ಅಂತ ನನ್ನ ಕೇಳಂಗಿಲ್ಲ” ಎಂದು ಚೆಲುವರಾಜು ತನ್ನ ಚೌಕಳಿ ಟವೆಲನ್ನು ನೀರಲ್ಲಿ ಅದ್ದಿ ಹಿಂಡಿ ಹಾಸಿ, ಅದರ ಮೇಲೆ ರೆಕಾರ್ಡನ್ನಿಟ್ಟು, ಮೇಲೊಂದು ಪಂಚೆ ಹೊದಿಸಿ, ಕೆಂಡ ತೆಗೆದು ಆರಿಸಿದ ಪೆಟ್ಟಿಗೆಯನ್ನು ಮೆಲ್ಲಗೆ ಎಳೆದ. ಹಬೆ ಎದ್ದಿತು. ರೆಕಾರ್ಡು ಚಪ್ಪಟೆಯಾಯಿತು. ಅಮರೇಶ್ ಅವರ ಕಣ್ಣು ಒದ್ದೆಯಾಯಿತು. ರೆಕಾರ್ಡಿನ ಒಂದು ಮಗ್ಗುಲಿನ ತುಂಬ ಟವೆಲಿನ ನೇಯ್ಗೆ ದಾರ ಸಮೇತ ಅಚ್ಚೊತ್ತಿದ್ದು ಮಾತ್ರ ಮನೆಗೆ ಬಂದ ಮೇಲೆ ಕಣ್ಣಿಗೆ ಬಿತ್ತು.

ಭಾನುವಾರ ಬೆಳಿಗ್ಗೆ ರವಿಚಂದ್ರ ಬಂದರು. ಬಿಳಿ ಕೈಗವಸು ತೊಟ್ಟು, ಭೂತಗನ್ನಡಿ ಹಿಡಿದು, ಮಂಗಳಾರತಿಗೆ ನಿಂತವರಂತೆ ರೆಕಾರ್ಡಿನ ಮೇಲೆ ಬಾಗಿದರು. ಸುಷ್ಮಾ ಬಾಗಿಲಲ್ಲಿ ನಿಂತಿದ್ದರು.

“ಕುಲುಮೆ ಸರಿ ಇದೆ” ಎಂದರು ರವಿಚಂದ್ರ. “ಸುತ್ತಿಗೆ ಸರಿ ಇದೆ. ಈ ಚೌಕಳಿ ಯಾವುದು? ಎಲ್ಲೂ ಓದಿಲ್ಲವಲ್ಲ.”

“ಮೊದಲ ಅಚ್ಚು ಅಂದ ಮೇಲೆ ಅದೂ ಒಂದು ಲಕ್ಷಣ ಇರಬೇಕು” ಎಂದರು ಇತಿಹಾಸದ ಅಧ್ಯಾಪಕರು, ಗೋಡೆಯನ್ನು ನೋಡುತ್ತಾ.

ರವಿಚಂದ್ರ ರೆಕಾರ್ಡನ್ನು ಪ್ಲೇಯರಿನ ಮೇಲಿಟ್ಟು ಮುಳ್ಳನ್ನು ಇಳಿಸಿದರು. ಕುಕ್ಕರು ಕೂಗಿದಂತೆ, ರಾಗಿ ಬೀಸಿದಂತೆ, ಯಾರೋ ಜಲ್ಲಿ ರಾಶಿಯ ಮೇಲಿಂದ ಬಕೆಟ್ಟನ್ನು ಎಳೆದುಕೊಂಡು ಹೋದಂತೆ ಸದ್ದು ಹೊರಟಿತು. ಅಮರೇಶ್ ಕಣ್ಣು ಮುಚ್ಚಿಕೊಂಡರು. ಆದರೆ ರವಿಚಂದ್ರರ ತಲೆ ತೂಗತೊಡಗಿತ್ತು.

“ಆಹಾ, ಈ ಒರಟುತನ ಮರುಅಚ್ಚಿನಲ್ಲಿ ಎಲ್ಲಿ ಬರಬೇಕು? ಅಸಲಿ ಕಣ್ರೀ. ನಿಸ್ಸಂದೇಹವಾಗಿ ಅಸಲಿ.”

ಅಮರೇಶ್ ವಿಜಯನಗರ ಸಾಮ್ರಾಜ್ಯವನ್ನು ಗೆದ್ದವರಂತೆ ಹೆಂಡತಿಯತ್ತ ತಿರುಗಿದರು. ಹೆಂಡತಿಯ ಪಕ್ಕದಲ್ಲಿ, ಆಟೋದಿಂದ ಇಳಿದು ಆಗತಾನೇ ಒಳಬಂದ ಸಿದ್ದಲಿಂಗಮ್ಮನವರು ನಿಂತಿದ್ದರು.

“ಸಮಾಜಕ್ಕೆ ಹೊತ್ತಾಯ್ತು, ನಾನೇ ಬಂದ್ಬುಟ್ಟೆ. ನನ್ನ ಬಟ್ಟಲೆಲ್ಲಿ ಅಳಿಯಂದ್ರೆ?”

“ತಿರುಗ್ತಾ ಇದೆ ಅತ್ತೆ” ಎಂದರು ಅಮರೇಶ್.

ಸಿದ್ದಲಿಂಗಮ್ಮ ತಿರುಗುತ್ತಿದ್ದ ಕೆಂಪು ಕುಲುಮೆಯನ್ನು ನೋಡಿದರು. ಬೈಯಲಿಲ್ಲ. “ನಿಮ್ಮ ಮಾವನೋರು ಅದನ್ನ ಎದೆಗೊತ್ಕೊಂಡು ತಂದಿದ್ರು” ಎಂದಷ್ಟೇ ಹೇಳಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು.

ಏನೂ ತಿಳಿಯದ ರವಿಚಂದ್ರ ಪೆನ್ನು ತೆಗೆದರು. “ಬಳಗಕ್ಕೆ ತಿಳಿಸಬೇಕು. ಮೈಸೂರಿನ ಏಕೈಕ ಮೊದಲ ಅಚ್ಚು. ಒಡೆಯರು ಅಮರೇಶ್ ಅಂತ ಬರೀಲಾ?”

ಕೋಣೆಯ ಭವಿಷ್ಯ ಒಂದು ‘ಹೂಂ’ಗೆ ಕಾಯುತ್ತಿತ್ತು. ಅಮರೇಶ್ ಕಪಾಟುಗಳನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಕೊನೆಗೆ ಸೆರಗು ಸುತ್ತಿದ ಅತ್ತೆಯ ಬೆರಳನ್ನು ನೋಡಿದರು.

“ಇಲ್ಲ. ಸಿದ್ದಲಿಂಗಮ್ಮ, ಅಗ್ರಹಾರ ಅಂತ ಬರೀರಿ. ನಾನು ಇಸ್ತ್ರಿ ಮಾಡಿಸಿದ್ದು ಅಷ್ಟೇ.”

“ಇಸ್ತ್ರಿ?” ಎಂದರು ರವಿಚಂದ್ರ, ರೆಕಾರ್ಡನ್ನು ಕೈಗೆತ್ತಿಕೊಂಡು ಚೌಕಳಿಯ ಮೇಲೆ ಬೆರಳಾಡಿಸುತ್ತಾ.

“ನಾಳೆಯಿಂದ ಮಕ್ಕಳಿಗೆ ಕೋಣೆ ಒಳಗೇ ಬರೋಕೆ ಹೇಳ್ತೀನಿ” ಎಂದರು ಸುಷ್ಮಾ. ದನಿಯಲ್ಲಿ ಅಷ್ಟೇನೂ ಕಾರವಿರಲಿಲ್ಲ.

ಸಿದ್ದಲಿಂಗಮ್ಮ ಸೆರಗು ಸಿಕ್ಕಿಸಿ ಅಡುಗೆಮನೆಗೆ ನಡೆದರು. ಅಗಲದ ಪಾತ್ರೆಯಲ್ಲಿ ನೀರು ಮರಳಿತು. ರವಿಚಂದ್ರ “ಅಮ್ಮಾ, ಬೇಡಿ, ಇದು ಇತಿಹಾಸ” ಎನ್ನುತ್ತಿರುವಾಗಲೇ ಇತಿಹಾಸವನ್ನು ಅವರ ಕೈಯಿಂದ ಕಿತ್ತು ಅದ್ದಿ, ತೆಗೆದು, ಡಬ್ಬಿಯೊಂದರ ಮೇಲೆ ಬೋರಲು ಹಾಕಿ, ಎರಡೇ ನಿಮಿಷದಲ್ಲಿ ಅಂಚು ಮಡಿಸಿದರು. ಚೌಕಳಿ ಮಗ್ಗುಲು ಹೊರಕ್ಕೆ ಬಂದು, ಬಟ್ಟಲಿಗೆ ಬೆತ್ತ ಹೆಣೆದಂಥ ಸೊಬಗು ಬಂದುಬಿಟ್ಟಿತು. ಅದನ್ನು ಬೆಳಕಿಗೆ ಹಿಡಿದು ನೋಡಿದ ಸಿದ್ದಲಿಂಗಮ್ಮನವರ ಮುಖ ಮತ್ತೆ ಅರಳಿತು.

ಆ ವರ್ಷದ ವಾರ್ಷಿಕೋತ್ಸವದಲ್ಲಿ ಬಟ್ಟಲಿಗೆ ಮೊದಲ ಬಹುಮಾನ ಬಂತು.

ಮೈಸೂರಿನ ಏಕೈಕ ಮೊದಲ ಅಚ್ಚನ್ನು ಕಾಣಲು ಈಗ ಬಳಗದವರು ಆಗಾಗ ಅಗ್ರಹಾರಕ್ಕೆ ಬರುತ್ತಾರೆ. ಅವರನ್ನು ಕರೆತಂದು ಇತಿಹಾಸ ವಿವರಿಸುವ ಕೆಲಸ ಅಮರೇಶ್ ಅವರದು. ಮೊನ್ನೆ ವಿವರಿಸುವ ಭರದಲ್ಲಿ ಅವರ ಕೈ ಬಟ್ಟಲಿನತ್ತ ಚಾಚಿತು.

“ದೂರದಿಂದ ತೋರಿಸಿ ಅಳಿಯಂದ್ರೆ” ಎಂದರು ಸಿದ್ದಲಿಂಗಮ್ಮ. “ಬಂದೋರೆಲ್ಲ ಮುಟ್ಟಲಿ, ಪರವಾಗಿಲ್ಲ. ನೀವು ಮಾತ್ರ ಮುಟ್ಬೇಡಿ.”