ಸೋದರಮಾವನ ಡೀಸೆಲ್ ಜೀಪು

ಮಾಘ ಮಾಸದ ಒಂದು ಸಂಜೆ ಸೊಲ್ಲಾಪುರದ ಕಾಳುಕಡಿ ವ್ಯಾಪಾರಿ ಶಾಂತಪ್ಪ ತನ್ನ ಪಡಸಾಲೆಯ ನಟ್ಟನಡುವೆ ನಿಂತು ಭೀಷ್ಮಪ್ರತಿಜ್ಞೆ ಮಾಡಿದ.

"ಬಸ್ಸಿಗೆ ಹೋಗೂದಿಲ್ಲ. ಹಿಂದಿನ ದಿನಾನs ಹೋಗಿ ಮಂದಿ ನಡುವ ಚಾಪಿ ಮ್ಯಾಲ ಹೊಳ್ಳಾಡೂದೂ ಇಲ್ಲ. ನಾಳೆ ಮುಂಜಾನಿ ನಮ್ಮ ಮನ್ಯಾಗ ಚಹಾ ಕುಡದು, ನಮ್ಮ ಜೀಪಿನಾಗ ಕುಂತು, ಸೀದಾ ಚಪಳಗಾಂವದ ಹಂದರದ ಮುಂದ ಇಳೀತೀನಿ. ಊರ ಮಂದಿ ನೋಡ್ಲಿ."

ಹೆಂಡತಿ ಕಸ್ತೂರಬಾಯಿ ಇಳಕಲ್ ಸೀರೆ ಮಡಿಸುತ್ತಲೇ ಹೇಳಿದಳು, "ನೋಡ್ತಾರ್ರಿ. ಬಂದ್ರ ನೋಡ್ತಾರ."

ಚಪಳಗಾಂವದಲ್ಲಿ ಮರುದಿನ ಬೆಳಿಗ್ಗೆ ಶಾಂತಪ್ಪನ ತಂಗಿ ಅಕ್ಕನಾಗಮ್ಮನ ಮಗಳು ಸುಗಲಾಳ ಮದುವೆ. ಹುಡುಗಿಗೆ ಇವನೊಬ್ಬನೇ ಸೋದರಮಾವ. ಅಕ್ಷತೆ ಬೀಳುವಾಗ ಸೋದರಮಾವ ಹುಡುಗಿಯ ಬೆನ್ನ ಹಿಂದೆ ನಿಂತಿರಬೇಕು. ಆ ಜಾಗ ಖಾಲಿ ಉಳಿದರೆ, ತವರಿನವರು ಕೈಬಿಟ್ಟರು ಎಂಬ ಮಾತು ಅಕ್ಕನಾಗಮ್ಮನಿಗೆ ಸಾಯುವತನಕ ಅಂಟಿಕೊಳ್ಳುತ್ತದೆ. ಅದಕ್ಕೇ ಅವಳು ಹಿಂದಿನ ದಿನವೇ ಬಾ ಎಂದು ಹೇಳಿಕಳಿಸಿದ್ದಳು. ಆದರೆ ಹಿಂದಿನ ದಿನ ಬಸ್ಸಿನಲ್ಲಿ ಹೋಗುವುದಾದರೆ ಜೀಪು ಕೊಂಡದ್ದೇಕೆ?

ಅದು ಐವತ್ತೆಂಟನೇ ಇಸವಿ. ಡೀಸೆಲ್ ಜೀಪು ಎಂಬುದೇ ಅಪರೂಪ. ಅದರಲ್ಲೂ ಇದು ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಇರುವ ಗಾಡಿ. ಬೇರೆ ಮೋಟಾರುಗಳು ಆ ಕಡೆಯ ಎರೆಮಣ್ಣಿನಲ್ಲಿ ಹೂತು ಕೂತಾಗ ಇದು ಗುರ್ರೆಂದು ಎದ್ದು ಬರುತ್ತಿತ್ತು. ಮಾರಿದ ಪುಣೆಯ ಕಂತ್ರಾಟುದಾರ ಚಾಲೂ ಮಾಡುವ ಕ್ರಮವನ್ನೂ ತೋರಿಸಿಕೊಟ್ಟಿದ್ದ. ಮೊದಲು ಹೀಟರಿನ ಗುಂಡಿ ಒತ್ತಿ ಹಿಡಿಯಬೇಕು. ಎದುರಿನ ಹಲಗೆಯ ಮೇಲಿನ ಸಣ್ಣ ತಂತಿ ಕೆಂಪಗಾದರೆ ಎಂಜಿನ್ನಿನ ಒಳಗೆ ಕಾವು ಹುಟ್ಟಿದೆ ಎಂದು ತಿಳಿಯಬೇಕು. ಆಗ ಸ್ಟಾರ್ಟರ್ ಒತ್ತಬೇಕು. ಬಂದ್ ಮಾಡಲು ಕರಿಯ ಗುಂಡಿ ಎಳೆಯಬೇಕು.

ಶಾಂತಪ್ಪ ಇಷ್ಟನ್ನೂ ಚಾಚೂ ತಪ್ಪದೆ ಮಾಡುತ್ತಿದ್ದ. ನಡುವೆ ತನ್ನದೂ ಸ್ವಲ್ಪ ಸೇರಿಸಿದ್ದ, ಅಷ್ಟೇ. ತಂತಿ ಕೆಂಪಗಾಯಿತೋ, ಗಾಡಿ ಹೊರಡಲು ಸಿದ್ಧವಾಯಿತು ಎಂದು ಕೆಳಗಿಳಿಯುವನು. ಹೊರಡುವ ಹೊತ್ತಿಗೆ ಪೂಜೆ ಆಗಬೇಡವೇ? ಬಾನೆಟ್ಟಿಗೆ ವಿಭೂತಿ ಬಳಿದು, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಕಸ್ತೂರಬಾಯಿ ಆರತಿ ಬೆಳಗಿ, ಎದುರಿಗೆ ಯಾರಾದರೂ ಮುತ್ತೈದೆ ನೀರಿನ ಕೊಡ ಹೊತ್ತು ಬರುವತನಕ ಕಾದು, ಆಮೇಲೆ ಗಂಭೀರವಾಗಿ ಹತ್ತಿ ಸ್ಟಾರ್ಟರ್ ಒತ್ತುವನು. ಕೊಂಡದ್ದು ಬೇಸಿಗೆಯಲ್ಲಿ. ಸೊಲ್ಲಾಪುರದ ಬಿಸಿಲಿಗೆ ಎಂಜಿನ್ನು ಹೀಟರಿನ ಹಂಗಿಲ್ಲದೆ ಕಾದೇ ಇರುತ್ತಿತ್ತು. ಚಳಿಗಾಲದಲ್ಲೂ ಅವನು ಅಂಗಡಿಗೆ ಹೊರಡುವುದು ಹೊತ್ತೇರಿದ ಮೇಲೆ. ಹೀಗಾಗಿ ಈ ಶಾಸ್ತ್ರ ನಿರ್ವಿಘ್ನವಾಗಿ ಸಾಗಿಬಂದಿತ್ತು.

ಮರುದಿನ ಸೂರ್ಯ ಹುಟ್ಟುವ ಮೊದಲೇ, ಹಲ್ಲು ಕಟಕಟ ಎನ್ನುವ ಥಂಡಿಯಲ್ಲಿ, ಶಾಂತಪ್ಪ ಜರತಾರಿ ರುಮಾಲು ಸುತ್ತಿ ಜೀಪು ಹತ್ತಿದ. ತಂತಿ ಕೆಂಪಗಾಯಿತು. ಪೂಜೆ ಸಾಂಗವಾಯಿತು. ಸ್ಟಾರ್ಟರ್ ಒತ್ತಿದ. ಎಂಜಿನ್ನು ಎರಡು ಸಲ ನರಳಿ, ಒಮ್ಮೆ ಬಿಳಿ ಹೊಗೆ ಉಗುಳಿ ಸುಮ್ಮನಾಯಿತು.

"ಆರತಿ ಸಾವಕಾಶ ಬೆಳಗಬೇಕಿತ್ತು" ಎಂದು ಅವನು ಹೆಂಡತಿಯ ಮೇಲೆ ಹೊರಿಸಿದ.

ಎರಡನೆಯ ಸಲ ಆರತಿ ಸಾವಕಾಶವಾಗಿಯೇ ಆಯಿತು. ಎಂಜಿನ್ನು ಒಂದೇ ಸಲ ನರಳಿತು. ಅಷ್ಟರಲ್ಲಿ ಪಕ್ಕದ ಮನೆಯ ಮಲಕಾಜಪ್ಪ ಚಾದರ ಹೊದ್ದು, ಹಲ್ಲಿಗೆ ಹೊಗೆಸೊಪ್ಪಿನ ಮಶೇರಿ ತಿಕ್ಕುತ್ತ ಕಟ್ಟೆಗೆ ಬಂದು ನಿಂತ.

"ಸಾವಕಾರ್ರ, ಇದಕ್ಕ ಥಂಡಿ ಹತ್ತೇದ್ರಿ. ಕಂಬಳಿ ಹೊಚ್ಚರಿ."

ಶಾಂತಪ್ಪ ಒಳಗಿನಿಂದ ಕಂಬಳಿ ತಂದು ಬಾನೆಟ್ಟಿಗೆ ಹೊದಿಸಿದ. ಗಾಡಿ ಬೆಚ್ಚಗೆ ಮಲಗಿದಂತೆ ಕಂಡಿತೇ ಹೊರತು ಏಳಲಿಲ್ಲ.

"ಹಂಗಾರ ಬಿಸಿನೀರು ಹಾಕಿ ನೋಡ್ರಿ" ಎಂದ ಮಲಕಾಜಪ್ಪ. ಸಲಹೆಗಳಿಗೆ ಅವನ ಮನೆಯಲ್ಲಿ ಬರವಿರಲಿಲ್ಲ.

ಕಸ್ತೂರಬಾಯಿಯ ತಲೆಸ್ನಾನಕ್ಕೆಂದು ಹಂಡೆಯಲ್ಲಿ ಕಾದಿದ್ದ ನೀರೆಲ್ಲ ರೇಡಿಯೇಟರಿನ ಪಾಲಾಯಿತು. ಅವಳು ಟಾವೆಲ್ಲು ಹಿಡಿದು ಬಾಗಿಲಿಗೆ ಬಂದು ನೋಡಿದಳು.

"ಮದಿವಿಗೆ ಹೋಗೂದು ನಾನೋ, ಜೀಪೋ?"

"ಜೀಪು ಹೋದ್ರ ನೀನೂ ಹೋಗ್ತೀ."

"ಹಂಗಾರ ಅದಕ್ಕs ಎಣ್ಣಿ ಹಚ್ಚಿ ಎರೀರಿ. ನಾ ಹಿಂಗs ಬರ್ತೀನಿ."

ಪ್ರತಿ ಸಲವೂ ಹೀಟರು, ಪ್ರತಿ ಸಲವೂ ಕಾಯಿ. ಮನೆಯಲ್ಲಿದ್ದವು ಮುಗಿದಾಗ ಸುಗಲಾಳ ಉಡಿ ತುಂಬಲು ತೆಗೆದಿಟ್ಟ ಕಾಯಿಗಳಿಗೆ ಕೈ ಹಾಕಿದ. ಕೊನೆಯದೊಂದನ್ನು ಕಸ್ತೂರಬಾಯಿ ಸೆರಗಿನಲ್ಲಿ ಬಚ್ಚಿಟ್ಟುಕೊಂಡು, "ಇದನ್ನ ಮುಟ್ಟಬ್ಯಾಡ್ರಿ" ಎಂದಳು. ಸ್ಟಾರ್ಟರಿನ ಸದ್ದೂ ಕ್ಷೀಣಿಸುತ್ತ ಬಂದಿತ್ತು. ಬ್ಯಾಟರಿಯಲ್ಲಿ ಇನ್ನೊಂದು ಸಲಕ್ಕಾಗುವಷ್ಟು ಜೀವ ಉಳಿದಿದ್ದರೆ ಹೆಚ್ಚು. ಬೆಳಗಿನ ಬಸ್ಸು ಹೊರಟುಹೋದ ಸದ್ದು ಕೇಳಿಸಿತು.

ಶಾಂತಪ್ಪ ಜೀಪಿನ ಮೆಟ್ಟಿಲ ಮೇಲೆ ಕುಸಿದು ಕೂತ. ಪ್ರತಿಜ್ಞೆಯೆಲ್ಲ ಇಳಿದುಹೋಗಿತ್ತು. ಹಂದರದ ಬಾಗಿಲಲ್ಲಿ ನಿಂತು ಸೊಲ್ಲಾಪುರದ ಹಾದಿ ನೋಡುತ್ತಿರುವ ತಂಗಿಯ ಮುಖ ಕಣ್ಣಿಗೆ ಕಟ್ಟಿ ಅವನಿಗೆ ನಿಜವಾಗಿಯೂ ಅಳು ಬಂತು. "ಅಕ್ಕನಾಗಿ ಏನಂದ್ಕೊಂತಾಳ ಕಸ್ತೂರಿ? ಗಾಡಿ ಬಂದ ಮ್ಯಾಲ ಅಣ್ಣ ಸೊಕ್ಕಿನಿಂದ ಬರಲಿಲ್ಲ ಅಂತಾಳ."

ಕಸ್ತೂರಬಾಯಿಗೆ ಸಿಟ್ಟು ಉಳಿಯಲಿಲ್ಲ. ಬಂದು ಪಕ್ಕದಲ್ಲೇ ಕೂತಳು.

"ಒಂದು ಮಾತು ಕೇಳ್ಲೇನ್ರಿ? ನಾ ಒಲಿ ಮ್ಯಾಲ ಹಂಚು ಕಾಯಿಸ್ತೀನಿ. ಕಾದ ಮ್ಯಾಲ ಇಳಿಸಿಟ್ಟು ದೇವರ ಪೂಜಿ ಮಾಡಾಕ ಹೋಗ್ತೀನಿ. ಪೂಜಿ ಮುಗಿಸಿ ಬಂದು ರೊಟ್ಟಿ ಹಾಕ್ತೀನಿ. ಬೇಯ್ತದೇನ್ರಿ ರೊಟ್ಟಿ?"

ಶಾಂತಪ್ಪ ಅವಳ ಮುಖ ನೋಡಿದ. ಹಲಗೆಯ ಮೇಲಿನ ತಂತಿ ನೋಡಿದ. ಒಡೆದ ಕಾಯಿಗಳ ಚಿಪ್ಪಿನ ರಾಶಿ ನೋಡಿದ.

ಅವಳೇ ಎದ್ದು ಆರತಿಯನ್ನು ಮೊದಲು ಬೆಳಗಿ ಮುಗಿಸಿದಳು. ಆಮೇಲೆ ಗಂಡನನ್ನು ಜೀಪಿಗೆ ಹತ್ತಿಸಿ, ಒಳಗೆ ಕೈ ಹಾಕಿ ಹೀಟರಿನ ಗುಂಡಿ ತಾನೇ ಒತ್ತಿ ಹಿಡಿದಳು. ತಂತಿ ಕೆಂಪಗಾದ ಕ್ಷಣವೇ "ಹೂಂ, ಒತ್ತರಿ" ಎಂದಳು. ಅವನು ಒತ್ತಿದ. ಜೀಪು ಮೈಕೊಡವಿ ಘರ್ಜಿಸಿತು! ಕಟ್ಟೆಯ ಮೇಲಿದ್ದ ಮಲಕಾಜಪ್ಪ ಮಶೇರಿ ಸಮೇತ ಹೊಗೆಯಲ್ಲಿ ಮಾಯವಾದ.

"ನೋಡಿದ್ಯಾ ಮಲಕಾಜಪ್ಪಾ? ಕೈ ಪಳಗಿರಬೇಕು" ಎಂದು ಶಾಂತಪ್ಪ ಹೊಗೆಯ ಕಡೆ ಮುಖ ಮಾಡಿ ಕೂಗಿ, ಕಸ್ತೂರಬಾಯಿ ಹತ್ತಿ ಕೂತಳೋ ಇಲ್ಲವೋ, ಗಾಡಿ ಬಿಟ್ಟ.

ಅಕ್ಕಲಕೋಟೆಯ ರಸ್ತೆ ಹಿಡಿದ ಮೇಲೆ ಮೆಲ್ಲಗೆ ಹೇಳಿದ, "ಕಸ್ತೂರಿ, ಈ ಹಂಚಿನ ಮಾತು ಅಲ್ಲಿ ತಗೀಬ್ಯಾಡ. ಬೀಗರ ಮಂದಿ ಮುಂದ ಮರ್ಯಾದಿ ಹೋಗ್ತದ."

"ನಾ ಯಾಕ ತಗೀಲ್ರಿ? ನಿಮ್ಮ ಮರ್ಯಾದಿ ಬ್ಯಾರೆ, ನಂದು ಬ್ಯಾರೆ ಅದೇನು?"

ಚಪಳಗಾಂವ ಮುಟ್ಟಿದಾಗ ಅಂತರಪಟ ಹಿಡಿದಾಗಿತ್ತು. ಮಂದಿಯೆಲ್ಲ ಅಕ್ಷತೆ ಹಿಡಿದು ಎದ್ದು ನಿಂತಿದ್ದರು. ಅಕ್ಕನಾಗಮ್ಮ ಅಣ್ಣನನ್ನು ಕಂಡವಳೇ ಸೆರಗಿನಿಂದ ಕಣ್ಣೊರೆಸಿಕೊಂಡು, ಕೈ ಹಿಡಿದು ಎಳೆದೊಯ್ದು ಮಗಳ ಹಿಂದೆ ನಿಲ್ಲಿಸಿದಳು. ಶಾಂತಪ್ಪ ಸುಗಲಾಳ ಎರಡೂ ಭುಜ ಹಿಡಿದ. ಎದೆಯ ಭಾರ ಇಳಿಯಿತು.

ಆದರೆ ಜೀಪನ್ನು ಬಂದ್ ಮಾಡಿರಲಿಲ್ಲ. ಮದುಮಕ್ಕಳನ್ನು ಅದರಲ್ಲೇ ಅಕ್ಕಲಕೋಟೆಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದ. ಸೋತ ಬ್ಯಾಟರಿ ತುಂಬುವತನಕ ಎಂಜಿನ್ನು ಓಡುತ್ತಿರಲಿ ಎಂದು ಹಂದರದ ಬಾಗಿಲಲ್ಲೇ ಬಿಟ್ಟು ಬಂದಿದ್ದ. ಅದು ಗಡಗಡ ಎಂದು ನಡುಗುತ್ತ ಇಡೀ ಹಂದರವನ್ನು ನಡುಗಿಸತೊಡಗಿತು. ಮಂಗಲಾಷ್ಟಕ ಹೇಳುತ್ತಿದ್ದ ಅಯ್ಯನವರ ಬಾಯಿ ಆಡುವುದು ಕಾಣುತ್ತಿತ್ತು, ಒಂದಕ್ಷರ ಕೇಳುತ್ತಿರಲಿಲ್ಲ. ಅಕ್ಷತೆ ಯಾವಾಗ ಹಾಕಬೇಕೆಂದು ತಿಳಿಯದೆ ಮಂದಿ ಎತ್ತಿದ ಕೈ ಎತ್ತಿದಂತೆಯೇ ನಿಂತರು. ಅಕ್ಕನಾಗಮ್ಮ ಅಣ್ಣನಿಗೆ ಕಣ್ಸನ್ನೆ ಮಾಡಿದಳು. ಹುಡುಗಿಯ ಭುಜ ಬಿಟ್ಟು ಹೋಗುವಂತಿಲ್ಲ. ಜೀಪಿನ ಪಕ್ಕದಲ್ಲಿ ನಿಂತಿದ್ದ ಹೆಂಡತಿಗೆ ಅಲ್ಲಿಂದಲೇ ಕೂಗಿದ.

"ಕಸ್ತೂರೀ, ಬಂದ್ ಮಾಡು!"

"ಏನ್ರಿ?"

"ಕರೇ ಗುಂಡಿ ಎಳದು ಬಂದ್ ಮಾಡು!"

"ಮಾಡ್ತೀನ್ರಿ, ಆಮ್ಯಾಲ ಚಾಲೂ ಆಗಬೇಕಲ್ಲ?" ಎನ್ನುತ್ತ ಅವಳು ಗುಂಡಿಗೆ ಕೈ ಹಾಕಿದಳು.

ಶಾಂತಪ್ಪ ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಉತ್ತರ ಕೊಟ್ಟ. ಅವನು ಬಾಯಿ ತೆರೆಯುವುದಕ್ಕೂ ಅವಳು ಗುಂಡಿ ಎಳೆಯುವುದಕ್ಕೂ ಸರಿಹೋಯಿತು. ಎಂಜಿನ್ನು ಗಪ್ಪೆಂದು ನಿಂತು ಹಂದರದಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ ಕವಿದ ಹೊತ್ತಿಗೆ, ಸೋದರಮಾವನ ಕಂಚಿನ ಕಂಠ ನಾಲ್ಕೂ ಮೂಲೆಗೆ ಮೊಳಗಿತು.

"ಚಾಲೂ ಮಾಡಾಕ ನೀ ಇದ್ದೀಯಲ್ಲ, ನನಗೆಲ್ಲಿ ಬರ್ತದ!"

ಅಷ್ಟು ಹೊತ್ತಿನಿಂದ ಒಂದು ಮಾತಿಗಾಗಿ ಕಾದಿದ್ದ ಮಂದಿ ಸಿಕ್ಕಿದ್ದೇ ಸಾಕೆಂದು ಅಕ್ಷತೆ ಸುರಿದುಬಿಟ್ಟರು. ವಾದ್ಯದವರು ಬಾರಿಸಿಯೇಬಿಟ್ಟರು. ಅಂತರಪಟ ಜಾರಿತು.

ಅಯ್ಯನವರು ತಲೆಯ ಮೇಲಿನ ಅಕ್ಷತೆ ಕೊಡವಿಕೊಂಡು ಮದುಮಗನ ಕಡೆ ಬಾಗಿದರು.

"ಕೇಳಿದ್ಯಲ್ಲ ತಮ್ಮಾ? ನಾ ಇಷ್ಟೊತ್ತು ಸಂಸ್ಕೃತದಾಗ ಹೇಳಾಕತ್ತಿದ್ದು ಇದನ್ನs."