ಸಮೀಕರಣಗಳಿಗೆ ನಾನಿಟ್ಟ ಹೆಸರುಗಳು

ನಮ್ಮ ಕಾಲೇಜಿನಲ್ಲಿ ನಾನು ತಾಳ್ಮೆಗೆ ಹೆಸರಾದ ಮನುಷ್ಯ. ಇದನ್ನು ನಾನು ಕಷ್ಟಪಟ್ಟು ಸಂಪಾದಿಸಿದ್ದಲ್ಲ. ಜಗಳವಾಡಲು ತ್ರಾಣವಿಲ್ಲದೆ ಸುಮ್ಮನಿರುವವರನ್ನು ಜನ ತಾಳ್ಮೆಯವರೆಂದು ತಿಳಿಯುವುದರಿಂದ ತಾನಾಗಿ ಬಂದದ್ದು. ಟಿ. ನರಸೀಪುರದಿಂದ ನಂಜನಗೂಡಿಗೆ ಇಪ್ಪತ್ತಾರು ವರ್ಷದಿಂದ ದಿನಾ ಬಸ್ಸಿನಲ್ಲಿ ಓಡಾಡಿ ಗಣಿತ ಹೇಳಿಕೊಡುತ್ತಿದ್ದೇನೆ. ಬೆಳಗಿನ ಬಸ್ಸಿನಲ್ಲಿ ನಿಂತು ಬಂದು, ಮೂರು ಪೀರಿಯಡ್ ನಿಂತು ಪಾಠ ಮಾಡಿ, ಸಂಜೆ ಮತ್ತೆ ನಿಂತು ಹೋಗುವವನಿಗೆ ಕೋಪ ಬಂದರೂ ಅದು ಮುಖದವರೆಗೆ ಏರುವಷ್ಟರಲ್ಲಿ ಅದಕ್ಕೇ ಸುಸ್ತಾಗಿರುತ್ತದೆ. ನನ್ನ ಹೆಂಡತಿ ಹೆಮ್ಮಿಗೆಯ ಬೇಸಾಯದ ಮನೆಯವಳು, ಇದ್ದದ್ದನ್ನು ಇದ್ದಹಾಗೆ ಹೇಳುವವಳು. "ನಿಮ್ದು ತಾಳ್ಮೆ ಅಲ್ಲ ಕಣ್ರೀ, ಸೋಮಾರಿತನ" ಎಂದು ಮದುವೆಯಾದ ವರ್ಷವೇ ತೀರ್ಪು ಕೊಟ್ಟಿದ್ದಳು. ನಾನು ವಾದಕ್ಕೆ ಹೋಗಲಿಲ್ಲ. ಅದನ್ನೂ ಅವಳು ತನ್ನ ಮಾತಿಗೆ ಸಾಕ್ಷಿಯಾಗಿ ಇಟ್ಟುಕೊಂಡಳು.

ಇಂಥವನಿಗೂ ಒಳಗಿರುವುದನ್ನು ಹೊರಹಾಕಲು ಎಲ್ಲಾದರೂ ಒಂದಿಷ್ಟು ಜಾಗ ಬೇಕಲ್ಲ. ನನಗೆ ಅದು ಸಿಕ್ಕಿದ್ದು ವಿದ್ಯಾರ್ಥಿಗಳಿಗಾಗಿ ನಾನು ಬರೆದ ಅವಕಲ ಸಮೀಕರಣಗಳ ನೋಟ್ಸಿನಲ್ಲಿ. ಗಣಿತ ಟೈಪ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಸಮೀಕರಣಕ್ಕೆ ನಾವೇ ನಂಬರ್ ಹಾಕಬಾರದು. ಹಾಕಿದರೆ, ನಡುವೆ ಹೊಸದೊಂದು ಸೇರಿಸಿದಾಗಲೆಲ್ಲ ಮುಂದಿನದನ್ನೆಲ್ಲ ತಿದ್ದುತ್ತ ಕೂರಬೇಕು. ಅದಕ್ಕೆ ಬದಲು ಪ್ರತಿ ಸಮೀಕರಣಕ್ಕೂ ಗುಟ್ಟಾಗಿ ಒಂದು ಹೆಸರಿಡುವುದು. ಮುಂದೆ ಎಲ್ಲಾದರೂ ಅದರ ಪ್ರಸ್ತಾಪ ಬಂದರೆ ಆ ಹೆಸರು ಬರೆದರಾಯಿತು, ಅಚ್ಚಿನಲ್ಲಿ ಸರಿಯಾದ ನಂಬರ್ ಬಂದು ಕೂರುತ್ತದೆ. ಹೆಸರು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲ ಅಧ್ಯಾಯದಲ್ಲಿ ನಾನೂ ಶಿಸ್ತಿನಿಂದ ಗೌರವಸ್ಥ ಹೆಸರುಗಳನ್ನೇ ಇಟ್ಟೆ. ಎರಡನೆಯದರಿಂದ ಹೆಸರು ಹೊಳೆಯದೆ, ಆ ಹೊತ್ತಿಗೆ ತಲೆಯಲ್ಲಿದ್ದುದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತತೊಡಗಿದೆ. ಒಂದರ ಹೆಸರು 'ತಲೆನೋವು', ಇನ್ನೊಂದರದು 'ಬಸ್ ಹೋಯ್ತು'. ಹೆಂಡತಿ ತಿಂಡಿಗೆ ಕರೆದಾಗ ಟೈಪಾಗುತ್ತಿದ್ದ ಸಮೀಕರಣದ ಹೆಸರು 'ಮತ್ತೆ ಉಪ್ಪಿಟ್ಟು'. ಪ್ರಿನ್ಸಿಪಾಲರ ಮೀಟಿಂಗ್ ಮುಗಿಸಿ ಬಂದು ಇಟ್ಟ ಹೆಸರನ್ನು ಇಲ್ಲಿ ಬರೆಯಲಾರೆ, ಅವರಿಗಿನ್ನೂ ಎರಡು ವರ್ಷ ಸರ್ವೀಸಿದೆ.

ಹೀಗೆ ನಿಶ್ಚಿಂತೆಯಿಂದಿದ್ದಾಗ ಮಹಾದೇವಿ ಬಂದಳು. ತಗಡೂರಿನ ಹುಡುಗಿ, ಬಿ.ಎಸ್ಸಿ. ಕೊನೆಯ ವರ್ಷ. ಹುಟ್ಟಿನಿಂದ ಅವಳಿಗೆ ಬೆಳಕು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಫೋನು ಓದಿ ಹೇಳಿದ್ದನ್ನು ಕೇಳಿ ಕಲಿಯುತ್ತಾಳೆ. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಇನ್ನೊಬ್ಬರು ಬರೆಯುತ್ತಾರೆ. ನಾನು ಪಾಠ ಮಾಡುವ ಪೇಪರ್ ಅವಳಿಗೆ ಒಂದು ಸಲ ಹೋಗಿತ್ತು. ಈ ಸಲವೂ ಹೋದರೆ ಬಿ.ಎಡ್. ಸೇರುವುದು ಒಂದು ವರ್ಷ ಮುಂದಕ್ಕೆ ಬೀಳುತ್ತದೆ, ಅಲ್ಲಿಯವರೆಗೆ ಮನೆಯವರು ಕಾಯುತ್ತಾರೆಂಬ ಧೈರ್ಯ ಅವಳಿಗಿರಲಿಲ್ಲ. ನನ್ನ ನೋಟ್ಸಿನ ಪಿಡಿಎಫ್ ಅನ್ನು ಅವಳ ಫೋನು ಎಡವಿ ಎಡವಿ ಓದುತ್ತಿತ್ತು. ಆದ್ದರಿಂದ ದಿನಾ ಮಧ್ಯಾಹ್ನ, ನಾನು ಡಬ್ಬಿಯ ಮುಚ್ಚಳ ತೆರೆಯುವ ಹೊತ್ತಿಗೆ ಸರಿಯಾಗಿ, ಸ್ಟಾಫ್ ರೂಮಿನ ಬಾಗಿಲಲ್ಲಿ "ಸಾ, ಬರ್ಲಾ?" ಎಂಬ ದನಿ ಕೇಳುತ್ತಿತ್ತು. ನಾನು ಮುಖದ ಮೇಲೆ ನಗು ತಂದುಕೊಂಡು "ಬಾಮ್ಮ" ಎನ್ನುತ್ತಿದ್ದೆ. ಅವಳಿಗೆ ತೊಡಕಾದ ಕಡೆ ನಾನು ಹಾರಿಸಿದ್ದ ಹೆಜ್ಜೆಗಳನ್ನು ಅವಳು ಹೋದ ಮೇಲೆ ನೋಟ್ಸಿಗೆ ಸೇರಿಸಿ, ಹೊಸ ಸಮೀಕರಣಕ್ಕೆ ಹೆಸರಿಟ್ಟು, ತಣ್ಣಗಾದ ಅನ್ನ ತಿನ್ನುತ್ತಿದ್ದೆ.

ಒಂದು ದಿನ ಅವಳು ಹೇಳಿದಳು: "ಸಮೀಕರಣ ಮೂರು ಪಾಯಿಂಟ್ ಏಳರಿಂದ ಅಂತ ಬತ್ತದೆ ಸಾ. ನೀವಾದ್ರೆ ಈ ಪುಟದಲ್ಲಿ ಒಂದ್ ಬೆರಳಿಟ್ಕೊಂಡು ಹಿಂದ್ಕೋಗಿ ನೋಡ್ಕಂಡ್ ಬತ್ತೀರ. ನಾನು ಬೆರಳು ಎಲ್ಲಿಡ್ಲಿ?" ನೋಟ್ಸನ್ನೆಲ್ಲ ವೆಬ್ ಪುಟ ಮಾಡಿ, ನಂಬರನ್ನು ಒತ್ತಿದರೆ ಸಮೀಕರಣಕ್ಕೆ ಹೋಗುವಂತೆ, ಮತ್ತೆ ಒತ್ತಿದರೆ ಇದ್ದಲ್ಲಿಗೆ ಬರುವಂತೆ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಸುಸ್ತಾದವರು ಮಾತು ಕೊಡುವಾಗ ಸ್ವಲ್ಪ ಜೋಪಾನವಾಗಿರಬೇಕು.

ಪರಿವರ್ತನೆ ಮಾಡುವ ಮೊದಲನೆಯ ಸಾಫ್ಟ್‌ವೇರ್ ನಂಬರುಗಳಿದ್ದ ಕಡೆಯಲ್ಲೆಲ್ಲ ಜೋಡಿ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಟ್ಟಿತು. 'ಸಮೀಕರಣ ??ನ್ನು ಸಮೀಕರಣ ??ರಿಂದ ಕಳೆದರೆ ?? ಸಿಗುತ್ತದೆ.' ಓದಲು ವೇದಾಂತದಂತಿತ್ತು, ಪರೀಕ್ಷೆಗೆ ಉಪಯೋಗವಿರಲಿಲ್ಲ. ಎರಡನೆಯದು ನಂಬರೇನೋ ಕೊಟ್ಟಿತು, ಆದರೆ ಯಾವುದನ್ನು ಒತ್ತಿದರೂ ಮೊದಲ ಪುಟದ ಮೊದಲ ಸಾಲಿಗೇ ತಂದು ಇಳಿಸುತ್ತಿತ್ತು. ಮೂರು ಭಾನುವಾರ ಹಾಳಾದವು. "ಆ ಹುಡುಗೀನ ಕೂರಿಸ್ಕೊಂಡು ಬಾಯಲ್ಲೇ ಓದಿ ಹೇಳಿದ್ರೆ ಇಷ್ಟೊತ್ತಿಗೆ ಪುಸ್ತಕ ಎರಡು ಸಲ ಮುಗೀತಿತ್ತು" ಎಂದಳು ಹೆಂಡತಿ. ಮೂರನೆಯ ಸಾಫ್ಟ್‌ವೇರ್ ಮಾತ್ರ ದೇವರಂತೆ ಕೆಲಸ ಮಾಡಿತು. ಒಂದೊಂದೇ ನಂಬರ್ ಒತ್ತಿ ನೋಡಿದೆ. ಎಲ್ಲವೂ ಹೋಗಬೇಕಾದ ಜಾಗಕ್ಕೇ ಹೋದವು. ಕೊಂಡಿಯನ್ನು ಮಹಾದೇವಿಗೆ ಕಳಿಸಿ, ಆಸ್ತಿಯನ್ನೇ ಬರೆದುಕೊಟ್ಟವನ ಹಾಗೆ ಎದೆ ಉಬ್ಬಿಸಿಕೊಂಡು ಕೂತೆ.

ನಾಲ್ಕೇ ದಿನ. ಆಮೇಲೆ ಅವಳು ಸ್ಟಾಫ್ ರೂಮಿಗೆ ಬರುವುದು ನಿಂತುಹೋಯಿತು. ಹದಿನೈದು ದಿನ ನಾನು ಬಿಸಿ ಅನ್ನ ತಿಂದೆ. "ನೋಡು, ಎಂಥ ಕೆಲಸ ಮಾಡಿದೀನಿ! ಆ ಹುಡುಗೀಗೆ ಈಗ ನಾನೇ ಬೇಡ" ಎಂದು ಹೆಂಡತಿಯ ಮುಂದೆ ಜಂಭ ಕೊಚ್ಚಿದೆ. ಅವಳು ನನ್ನನ್ನೊಮ್ಮೆ ನೋಡಿ, ಹುಣಸೆಹಣ್ಣು ಕಿವುಚುವುದನ್ನು ಮುಂದುವರಿಸಿದಳು.

ಪರೀಕ್ಷೆಗೆ ಎಂಟು ದಿನವಿದ್ದಾಗ ಮಹಾದೇವಿ ಲೈಬ್ರರಿಯ ಮೂಲೆಯಲ್ಲಿ ಒಬ್ಬಳೇ ಕೂತಿದ್ದುದು ಕಂಡಿತು. ಹೊಗಳಿಸಿಕೊಳ್ಳೋಣವೆಂದು ಹೋದೆ.

"ಹೇಗಿದೆಯಮ್ಮ ವೆಬ್ ಪುಟ? ಎಲ್ಲ ಲಿಂಕೂ ಹೋಗ್ತದಾ?"

"ಓಯ್ತವೆ ಸಾ." ಆಮೇಲೆ ಕೇಳಿದಳು, "ಸಾ, ಟೇಲ್ ನೋವು ಅಂದ್ರೇನು?"

ನನಗೆ ಅರ್ಥವಾಗಲಿಲ್ಲ. ಅವಳು ಇಯರ್‌ಫೋನ್ ಕಿತ್ತು ಫೋನನ್ನು ಮೇಜಿನ ಮೇಲಿಟ್ಟಳು. ಒಳಗಿನ ಹೆಣ್ಣು ದನಿ ಇಂಗ್ಲಿಷ್ ಧಾಟಿಯಲ್ಲಿ, 'ಟೇಲ್ ನೋವು, ಲಿಂಕ್' ಎಂದಿತು. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ್ದ ನನ್ನ ತಲೆನೋವು! ಆ ಮೂರನೆಯ ಸಾಫ್ಟ್‌ವೇರ್ ಮಾಡಿದವನು ಬಹಳ ಒಳ್ಳೆಯ ಮನುಷ್ಯನಿರಬೇಕು. ಕಣ್ಣು ಕಾಣದವರಿಗೆ ಬರೀ ನಂಬರು ಕೇಳಿದರೆ ಏನು ತಿಳಿದೀತು ಎಂದು, ನೋಡುವವರಿಗೆ ನಂಬರನ್ನೂ ಕೇಳುವವರಿಗೆ ಒಳಗಿನ ಹೆಸರನ್ನೂ ಏರ್ಪಾಡು ಮಾಡಿದ್ದಾನೆ. ನಾನು ಒತ್ತಿ ಒತ್ತಿ ನೋಡಿದ್ದೆನೇ ಹೊರತು ಒಮ್ಮೆಯೂ ಕೇಳಿರಲಿಲ್ಲ. ಉಪ್ಪಿಟ್ಟೂ ಬಂತು, ಬಸ್ಸೂ ಹೋಯಿತು. ನಾನು ನಗುವುದೋ ಬೇಡವೋ ಎಂದು ಅರ್ಧ ನಕ್ಕೆ.

"ಇನ್ನೊಂದದೆ ಸಾ, ನಾಲ್ಕನೇ ಅಧ್ಯಾಯದಲ್ಲಿ" ಎಂದು ಅವಳು ಬೆರಳಾಡಿಸಿದಳು. ಅಷ್ಟೊತ್ತು ಕನ್ನಡವನ್ನು ಕೊಂದು ಹಾಕಿದ್ದ ಆ ಫೋನು ಇದೊಂದನ್ನು ಮಾತ್ರ ತಗಡೂರಿನಲ್ಲೇ ಹುಟ್ಟಿ ಬೆಳೆದದ್ದರ ಹಾಗೆ ಓದಿತು: 'ಮಹಾದೇವಿ ಮತ್ತೆ ಬಂದ್ಲು, ಲಿಂಕ್.'

"ಅದು... ನಮ್ಮತ್ತಿಗೆ ಹೆಸರೂ ಮಹಾದೇವಿ" ಎಂದೆ. ನನಗೆ ಅತ್ತಿಗೆಯೇ ಇಲ್ಲ.

"ಒತ್ತುದ್ರೆ ನೀವು ಆವತ್ತು ನಂಗೋಸ್ಕರ ಸೇರ್ಸುದ್ರಲ್ಲ, ಆ ಲೆಕ್ಕಕ್ಕೇ ಓಯ್ತದೆ ಸಾ."

ಲಿಂಕುಗಳು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ನನಗೆ ಸುಸ್ತಾಗಿತ್ತಮ್ಮ, ತಪ್ಪಾಯ್ತು" ಎಂದೆ.

"ಸುಸ್ತು ಅಂತ ಮೊದ್ಲಿಂದ್ಲೂ ಗೊತ್ತಿತ್ತು ಸಾ. ನಾನು ಬರ್ಲಾ ಅಂದೇಟ್ಗೆ ನೀವು ಡಬ್ಬಿ ಮುಚ್ಳ ಹಾಕೋ ಸದ್ದಲ್ಲೇ ಗೊತ್ತಾಯ್ತಿತ್ತು. ಅದುಕ್ಕೇನಿಲ್ಲ. ಆದ್ರೆ ನೀವು ಅದ್ನ ಬರ್ದಿಟ್ಟಿದ್ದೀರ ಅಂತ ಗೊತ್ತಿರ್ನಿಲ್ಲ."

ಅವಳು ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ತಾಳ್ಮೆಯಿಂದ ಹೇಳಿದಳು. ನಾನು ಕುರ್ಚಿ ಎಳೆದುಕೊಂಡು ಕೂತು, ಎಷ್ಟು ಡೌಟ್ ಉಳಿದಿವೆ ಎಂದು ಕೇಳಿದೆ. ಹದಿನಾಲ್ಕಿದ್ದವು. ಹದಿನೈದು ದಿನದ್ದು. ಮೊದಲನೆಯದರಿಂದ ಶುರುಮಾಡಿದೆವು. ನಾಲ್ಕನೆಯದು ಮುಗಿಯುವಷ್ಟರಲ್ಲಿ ನನ್ನ ಬಸ್ಸು ಹೋಯಿತು, ಆರನೆಯದು ಮುಗಿಯುವಷ್ಟರಲ್ಲಿ ಅದಾದ ಮೇಲಿನದೂ ಹೋಯಿತು. ಏಳನೆಯದನ್ನು ಮೂರನೆಯ ಸಲ ಬಿಡಿಸಿ ಹೇಳುವಾಗ ಅಭ್ಯಾಸಬಲದಿಂದ ಮುಖದ ಮೇಲೆ ಆ ನಗು ತಂದುಕೊಂಡೆ. ತಂದುಕೊಂಡ ಮೇಲೆ, ಇದನ್ನು ಇಷ್ಟು ದಿನ ಯಾರಿಗೆ ತೋರಿಸುತ್ತಿದ್ದೆ ಎಂದು ನನಗೇ ನಾಚಿಕೆಯಾಯಿತು. ನಗುವನ್ನು ಇಳಿಸಿ, "ಮಹಾದೇವಿ, ನನಗೆ ಸುಸ್ತಾಗ್ತಿದೆ, ಐದು ನಿಮಿಷ ಸುಮ್ನೆ ಕೂತ್ಕೊಳ್ಳೋಣ" ಎಂದೆ.

"ಊಂ ಸಾ, ನಂಗೂ" ಎಂದವಳೇ ಫೋನು ಮಗುಚಿ ಹಾಕಿ, ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ನನ್ನ ಸುಸ್ತಿಗೆಲ್ಲ ಹೆಸರಿಟ್ಟಿದ್ದ ಆ ನೋಟ್ಸಿನಲ್ಲಿ ಒಂದು ಕಡೆಯೂ ಅವಳ ಸುಸ್ತಿನ ಹೆಸರಿರಲಿಲ್ಲ.