ಬಸ್ಸಿಲ್ಲದ ಬಸ್ ಕಂಪನಿಯ ವಾರ್ಷಿಕ ಸಭೆ

ಏನೂ ಮಾಡದೆ ಸುಮ್ಮನಿರುವ ವಿಷಯದಲ್ಲಿ ನನ್ನ ಸಾಮರ್ಥ್ಯದ ಬಗ್ಗೆ ನನಗೆ ಎಂದೂ ಸಂಶಯವಿರಲಿಲ್ಲ. ಆದ್ದರಿಂದ ನಮ್ಮ ಕಂಪನಿಯನ್ನು ಕೆಲವು ಕಾಲ ಮಲಗಿಸಿಡೋಣ ಎಂದು ಠರಾವಾದಾಗ ಆ ಜವಾಬ್ದಾರಿಯನ್ನು ನಾನೇ ಮುಂದಾಗಿ ಹೊತ್ತುಕೊಂಡೆ.

ಆಗ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸೈಕಲ್ ಅಂಗಡಿ. ತಿಕೋಟಾದ ಗೆಳೆಯ ದಸ್ತಗೀರ ಮತ್ತು ನಾನು ಸೇರಿ, ವಿಜಾಪುರ, ತಿಕೋಟಾ, ಬಬಲೇಶ್ವರಗಳ ನಡುವೆ ಬಸ್ಸು ಓಡಿಸಲು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಕಟ್ಟಿದ್ದೆವು. ಕಂಪನಿ ನೋಂದಣಿಯಾಯಿತು. ಪರ್ಮಿಟ್ ಸಿಗಲಿಲ್ಲ! ಅರ್ಜಿ ವಿಚಾರಣೆಯಲ್ಲಿದೆ ಎಂದರು. ಅಲ್ಲಿಯ ತನಕ ಕಂಪನಿ ಮಲಗಿರಲಿ ಎಂದುಕೊಂಡೆವು.

ಮಲಗಿದ ಕಂಪನಿಗೆ ಏನೇನು ಬೇಕಾಗುತ್ತದೆ ಎಂಬ ಕುತೂಹಲದಿಂದ ವಕೀಲರ ಬಳಿ ಹೋದೆ.

“ನಿಮ್ಮ ಮನೀನ ಕಂಪನಿ ಕಚೇರಿ. ಅದರ ಮುಂದ ಹೆಸರಿನ ಬೋರ್ಡ್ ಇರಬೇಕ್ರಿ,” ಎಂದರು. “ವರ್ಷಕ್ಕೊಮ್ಮೆ ನೋಟೀಸ್ ಕೊಟ್ಟು ಅಲ್ಲೇ ಸಭಾ ಮಾಡಬೇಕು. ಕಂಪನಿ ಏನೂ ಮಾಡಿಲ್ಲಂತ ಬರದು, ಇಬ್ರೂ ಡೈರೆಕ್ಟರ್ ಸಹಿ ಹಾಕಿ ಬೆಂಗಳೂರಿನ ಕಂಪನಿ ರಿಜಿಸ್ಟ್ರಾರ್ ಕಚೇರಿಗೆ ಕಳಸಬೇಕು.”

“ಏನೂ ಮಾಡಿಲ್ಲ ಅನ್ನೂದನ್ನೂ ಬರದು ಕಳಸಬೇಕೇನ್ರಿ?”

“ಕಳಸಲಿಲ್ಲಂದ್ರ ಪಟ್ಟಿಯಿಂದ ಕಂಪನಿ ಹೆಸರ ಹೊಡದು ಹಾಕ್ತಾರ. ಕಂಪನೀನ ಇಲ್ಲಂದ ಮ್ಯಾಲ ಪರ್ಮಿಟ್ ಅರ್ಜಿನೂ ಹೋತು.”

ಬೋರ್ಡು ಬರೆಸಿದೆ. ಹೆಸರು ಬರೆದ ಮೇಲೂ ಕೆಳಗೆ ಜಾಗ ಉಳಿಯಿತೆಂದು ಪೇಂಟರ್ ಅಲ್ಲೊಂದು ಕೆಂಪು ಬಸ್ಸು ಬಿಡಿಸಲು ಕೂತ. ನಮ್ಮ ಬಸ್ಸು ನೋಡಲು ಹೇಗಿರಬಹುದು ಎಂಬ ಕುತೂಹಲ ನನಗೂ ಇತ್ತು. ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ಕಟ್ಟೆಯ ಮೇಲೆ ಆರು ಮಂದಿ ಪ್ರಯಾಣಿಕರು!

“ಯಪ್ಪಾ, ನಿಡೋಣಿಗೆ ಬಸ್ ಎಷ್ಟೊತ್ತಿಗೈತಿ?” ಕೋಳಿಬುಟ್ಟಿ ಹಿಡಿದು ಕೂತಿದ್ದ ಮುದುಕಿಯೊಬ್ಬಳು ಕೇಳಿದಳು.

“ಬಸ್ಸಿಲ್ಲವ್ವಾ. ಇದು ಬರೇ ಕಂಪನಿ.”

“ಇರಲಿ ಬಿಡಪ್ಪಾ. ಬರೂ ತನಕ ಕುಂದರ್ತೇನಿ.”

ನನ್ನ ಹೆಂಡತಿ ಶಾಂತಾ ಅವರಿಗೆಲ್ಲ ನೀರು ಕೊಟ್ಟು ಒಳಗೆ ಬಂದಳು. “ಕಂಪನಿ ಮಲಗೇತಿ ಅಂದ್ರಿ. ನನಗ ಕುಂದರಾಕ ಪುರಸೊತ್ತಿಲ್ಲ!”

ಕಾನೂನಿನ ಪ್ರಕಾರ ಬೋರ್ಡು ತೆಗೆಯುವಂತಿಲ್ಲ. ಆದ್ದರಿಂದ ಬಹಳ ವಿಚಾರ ಮಾಡಿ, ಅದರ ಕೆಳಗೆ ಸುಣ್ಣದಿಂದ ‘ಸದ್ಯ ಬಸ್ಸು ಇಲ್ಲ’ ಎಂದು ಬರೆದೆ. ಮರುದಿನ ಹನ್ನೊಂದು ಮಂದಿ ಕೂತಿದ್ದರು.

“ಸದ್ಯ ಇಲ್ಲಂತ. ಅಂದ್ರ ಆಮ್ಯಾಲ ಬರ್ತೈತಿ!” ಎಂದು ಓದಬಲ್ಲವನೊಬ್ಬ ಉಳಿದವರಿಗೆ ಧೈರ್ಯ ಹೇಳುತ್ತಿದ್ದ.

ಹೀಗಿರುವಾಗ ವಾರ್ಷಿಕ ಸಭೆಯ ದಿನ ಬಂತು. ಮುಂಜಾನೆ ಹನ್ನೊಂದಕ್ಕೆ ಸಭೆ ಎಂದು ದಸ್ತಗೀರನಿಗೆ ಇಪ್ಪತ್ತೊಂದು ದಿನ ಮೊದಲೇ ನೋಟೀಸು ಕಳಿಸಿದ್ದೆ. ಶಾಂತಾ ನೀರಿಗೆ ಹೋಗಿದ್ದಳು. ಪ್ರಯಾಣಿಕರ ಕಾಟ ಬೇಡವೆಂದು ಒಳಗಿನಿಂದ ಅಗಳಿ ಹಾಕಿ, ಕೋಟು ತೊಟ್ಟು, ಅಧ್ಯಕ್ಷನಾಗಿ ಕೂತೆ. ಬಾಗಿಲು ಬಡಿಯುತ್ತಲೇ ಇದ್ದರು. ನಾನು ಒಳಗಿನಿಂದಲೇ “ಬಸ್ಸಿಲ್ಲ!” ಎಂದು ಕೂಗುತ್ತಲೇ ಇದ್ದೆ.

“ತಿಕೋಟಾದಿಂದ ಬಂದೇನಿ, ಬಾಗಲಾ ತಗಿ!” ಎಂದಿತು ಒಂದು ಧ್ವನಿ.

“ತಿಕೋಟಾಕ್ಕೂ ಇಲ್ಲ, ಬಬಲೇಶ್ವರಕ್ಕೂ ಇಲ್ಲ! ಬಸ್ ಸ್ಟ್ಯಾಂಡಿಗೆ ಹೋಗ್ರಿ!”

ಧ್ವನಿ ಹೋಯಿತು. ನಾನು ಗಡಿಯಾರ ನೋಡುತ್ತ ಅರ್ಧ ತಾಸು ಕಾದೆ. ಇಬ್ಬರಿಲ್ಲದೆ ಸಭೆಯಾಗದು. ‘ಇನ್ನೊಬ್ಬ ಸದಸ್ಯರು ಯಾವ ಕಾರಣವನ್ನೂ ತಿಳಿಸದೆ ಗೈರುಹಾಜರಾದ ಪ್ರಯುಕ್ತ ಸಭೆಯನ್ನು ಮುಂದಿನ ವಾರಕ್ಕೆ ಮುಂದೂಡಲಾಗಿದೆ’ ಎಂದು ಬರೆದು ಮುಗಿಸುವಷ್ಟರಲ್ಲಿ ಶಾಂತಾ ಬಂದಳು.

“ದಸ್ತಗೀರಣ್ಣ ಯಾಕ ಸಿಟ್ಟಿಲೆ ಹೊಂಟಿದ್ರು? ಚಾ ಕುಡೀರಿ ಅಂದ್ರೂ ನಿಂದರಲಿಲ್ಲ.”

ಕೋಟು ತೊಟ್ಟುಕೊಂಡೇ ಬಸ್ ಸ್ಟ್ಯಾಂಡಿಗೆ ಓಡಿದೆ. ತಿಕೋಟಾ ಬಸ್ಸು ಹೋಗಿಯಾಗಿತ್ತು. ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಹತ್ತು ವರ್ಷದ ಗೆಳೆತನ. ಪರ್ಮಿಟ್ ಹೋದರೆ ಹೋಗಲಿ, ಅವನು ಬಾಗಿಲು ತೆಗೆಯದಿದ್ದರೆ ಏನು ಮಾಡುವುದು ಎಂದು ದಾರಿಯುದ್ದಕ್ಕೂ ಅದೇ ಯೋಚನೆ.

ಬಾಗಿಲು ತೆರೆದೇ ಇತ್ತು. ದಸ್ತಗೀರ ಹೊರಸಿನ ಮೇಲೆ ಮುಖ ತಿರುಗಿಸಿ ಕೂತಿದ್ದ.

“ನಾನು ಡೈರೆಕ್ಟರ್ ಅದೀನೋ ಇಲ್ಲೋ?”

“ಅದಿ.”

“ಮತ್ತ ನನ್ನ ಕಂಪನಿ ಬಾಗಲದಾಗ ನಿಂತು ನಾನ ಬೈಸಿಕೋಬೇಕೇನು?”

“ತಪ್ಪಾತೋ ದಸ್ತಗೀರ. ಪ್ಯಾಸೆಂಜರ್ ಅಂತ ತಿಳಕೊಂಡೆ.”

ಅವನು ನನ್ನ ಕೋಟು ನೋಡಿದ, ಬೆವರು ನೋಡಿದ. ತುಟಿ ಬಿಗಿಹಿಡಿದ. ಆಮೇಲೆ ತಡೆಯಲಾಗದೆ ನಕ್ಕ. “ಲೇ ಗುರಪ್ಪಾ, ಒಂದೂ ಬಸ್ಸಿಲ್ಲದ ನಿನಗ ಇಷ್ಟ ಸೊಕ್ಕು. ಬಸ್ ಬಂದ ಮ್ಯಾಲ ಏನ್ ಗತಿಯೋ!”

ಚಹಾ ಬಂತು. ಸಭೆಯನ್ನು ಇಲ್ಲೇ ಮುಗಿಸೋಣ ಎಂದ. ಆಗದು, ಕಾನೂನು ಪ್ರಕಾರ ವಿಜಾಪುರದಲ್ಲೇ ಆಗಬೇಕು ಎಂದೆ. ಮುಂದಿನ ವಾರ ಅವನು ಮತ್ತೆ ಬಂದ. ಈ ಸಲ ಬಾಗಿಲು ತೆರೆದಿಟ್ಟಿದ್ದೆ. ಕಂಪನಿಯು ಈ ವರ್ಷ ಏನನ್ನೂ ಮಾಡಿಲ್ಲವೆಂದು ನಾನು ಸೂಚಿಸಿದೆ, ಅವನು ಅನುಮೋದಿಸಿದ. ಇಬ್ಬರೂ ಸಹಿ ಹಾಕಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು.

ಕೆಲವು ವಾರಗಳ ಮೇಲೆ ಒಂದು ಸಂಜೆ ಬೆಂಗಳೂರಿನಿಂದ ಉತ್ತರ ಬಂತು. ಕಾಗದಪತ್ರಗಳೆಲ್ಲ ಸರಿ ಇವೆ! ಮರುದಿನ ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಶಾಂತಾಳಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ.

“ಅಂದ್ರ ನೀವು ವರ್ಷಾನುಗಟ್ಟಲೆ ಏನೂ ಮಾಡಿಲ್ಲ ಅನ್ನೂದು ಸರಕಾರಕ್ಕೂ ತಿಳೀತು ಅನ್ರಿ,” ಎಂದಳು ರೊಟ್ಟಿಯಿಂದ ಕಣ್ಣೆತ್ತದೆ. “ಇದನ್ನ ನಾ ಲಗ್ನ ಆದ ವರ್ಷನ ಹೇಳಿದ್ದೆ. ಬೆಂಗಳೂರಿನ ತನಕ ಯಾಕ ಕೇಳಾಕ ಹೋಗಬೇಕಾಗಿತ್ತು?”

ಪತ್ರವನ್ನು ಮಡಿಚಿ ಜೇಬಿಗೆ ಸೇರಿಸಿದೆ. ಕೆಲಸವಿರುವ ಮನುಷ್ಯನ ಗತ್ತಿನಿಂದ, ಅಂಗಡಿಗೆ ಹೊತ್ತಾಯಿತೆಂದು ಸೈಕಲ್ ಹತ್ತಿ ಹೊರಟೆ. ಸ್ಟೇಷನ್ ರಸ್ತೆ ಮುಟ್ಟಿದ ಮೇಲೆ ನೆನಪಾಯಿತು.

ಅಂದು ಅಂಗಡಿಗೆ ವಾರದ ರಜೆ!